ಸವೆದ ಮೊಣಕಾಲಿನಲ್ಲಿ ನೀರು ತುಂಬುವುದೇಕೆ?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ನಾಲ್ಕು ವರ್ಷಗಳಿಂದ ಬಲ ಮೊಣಕಾಲು ನೋವಿದೆ. ಎಕ್ಸ್‌ರೇ ನೋಡಿದ ವೈದ್ಯರು ‘ಎರಡನೇ ಹಂತದ ಸವೆತ, ವಯಸ್ಸಿನದು’ ಎಂದರು. ಆದರೆ ವರ್ಷಕ್ಕೆ ಮೂರು ನಾಲ್ಕು ಸಲ ಮಂಡಿ ಊದಿಕೊಂಡು ಮಡಚಲು ಆಗದಂತಾಗುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಈಚೆಗೆ ಇನ್ನೊಬ್ಬ ವೈದ್ಯರು ಸೂಜಿಯಿಂದ 30 ಮಿ.ಲೀ. ನೀರು ತೆಗೆದು, ‘ಕೀಲಿನ ಒಳಪೊರೆಗೆ ಉರಿಯೂತವಾಗಿದೆ’ ಎಂದು ಹೇಳಿ, ಸ್ಟೀರಾಯ್ಡ್ ಇಂಜೆಕ್ಷನ್ ಸೂಚಿಸಿದ್ದಾರೆ. ಸವೆತವೆಂದ ಮೇಲೆ ಉರಿಯೂತ ಎಲ್ಲಿಂದ ಬಂತು? ಇದು ರುಮಟಾಯ್ಡ್ ಕಾಯಿಲೆಗೆ ತಿರುಗುತ್ತಿದೆಯೇ? ಇಂಜೆಕ್ಷನ್ ಕೊಡಿಸಬಹುದೇ? ಅವರಿಗೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇವೆ. ಅರಿಶಿನದ ಮಾತ್ರೆಯೇ ಸಾಕೆಂದು ನೆಂಟರು ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ತಾಯಿಯವರನ್ನು ನೋಡಿದ ಇಬ್ಬರು ವೈದ್ಯರ ಮಾತೂ ಸರಿಯಾಗಿದೆ. ಮೊದಲಿನವರು ಎಕ್ಸ್‌ರೇಯಲ್ಲಿ ಕಂಡದ್ದನ್ನು ಹೇಳಿದರು, ಎರಡನೆಯವರು ಎಕ್ಸ್‌ರೇಯಲ್ಲಿ ಕಾಣಲಾರದ್ದನ್ನು ಹೇಳಿದರು. ಅಸ್ಥಿಸಂಧಿವಾತ, ಅಂದರೆ ಆಸ್ಟಿಯೋಆರ್ಥ್ರೈಟಿಸ್ ಎಂಬ ಒಂದೇ ಕಾಯಿಲೆಯಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ. ಗೊಂದಲವನ್ನು ಹುಟ್ಟಿಸುವುದು ‘ಸವೆತ’ ಎಂಬ ಮಾತು. ಅದನ್ನು ಕೇಳಿದವರ ಮನಸ್ಸಿನಲ್ಲಿ ಓಡಿ ಓಡಿ ಸವೆದ ಟೈರಿನ ಚಿತ್ರ ಮೂಡುತ್ತದೆ. ‘ಮಂಡಿಯಲ್ಲಿ ಗ್ರೀಸ್ ಮುಗಿದಿದೆ’ ಎಂದು ನಮ್ಮಲ್ಲಿ ಅನೇಕರು ಹೇಳಿಕೊಳ್ಳುವುದೂ ಇದೇ ಚಿತ್ರದಿಂದ. ಆದರೆ ಗ್ರೀಸ್ ಮುಗಿದಿದ್ದರೆ ನಿಮ್ಮ ತಾಯಿಯವರ ಮಂಡಿಯಿಂದ 30 ಮಿ.ಲೀ. ದ್ರವ ಹೇಗೆ ಬಂತು? ಆರೋಗ್ಯವಂತ ಮೊಣಕಾಲಿನಲ್ಲಿ ಇರುವ ದ್ರವ ಒಂದು ಟೀ ಚಮಚಕ್ಕಿಂತಲೂ ಕಡಿಮೆ, ಹೆಚ್ಚೆಂದರೆ 4 ಮಿ.ಲೀ. ಇಲ್ಲಿ ಅದರ ಏಳೆಂಟು ಪಟ್ಟು ತುಂಬಿತ್ತು. ಹಾಗೆ ತುಂಬಿಸಿದ್ದು ಕೀಲಿನ ಒಳಪೊರೆ. ಆದ್ದರಿಂದ ಮೊದಲು ಆ ಪೊರೆಯ ವಿಚಾರ ತಿಳಿದುಕೊಳ್ಳುವುದು ಒಳ್ಳೆಯದು.

ಮೊಣಕಾಲಿನ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಆ ಭಾಗವನ್ನು ಬಿಟ್ಟು ಕೀಲಿನ ಉಳಿದ ಒಳಮೈಯನ್ನೆಲ್ಲ ಆವರಿಸಿರುವುದು ಸೈನೋವಿಯಂ ಎಂಬ ತೆಳುಪೊರೆ. ಅದರ ಮೇಲ್ಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪವಾಗಿರುತ್ತದೆ. ಅಲ್ಲಿರುವ ಜೀವಕೋಶಗಳಲ್ಲಿ ಎರಡು ಬಗೆ. ಒಂದು ಬಗೆಯವು ಕಸವನ್ನು ನುಂಗಿ ಕೀಲನ್ನು ಚೊಕ್ಕಟವಾಗಿಡುತ್ತವೆ. ಇನ್ನೊಂದು ಬಗೆಯವು ಹಯಲ್ಯುರಾನಿಕ್ ಆಮ್ಲವನ್ನೂ ಲೂಬ್ರಿಸಿನ್ ಎಂಬ ಪ್ರೋಟೀನನ್ನೂ ಸ್ರವಿಸಿ, ಮೊಟ್ಟೆಯ ಬಿಳಿಯಂತೆ ಲೋಳೆಯಾದ ಕೀಲುದ್ರವವನ್ನು ತಯಾರಿಸುತ್ತವೆ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲದ ಕಾರಣ ಅದು ಆಹಾರ ಪಡೆಯುವುದು ಬಹುಮಟ್ಟಿಗೆ ಈ ದ್ರವದಿಂದಲೇ. ಅಂದರೆ ಈ ಪೊರೆ ಕೀಲಿನ ಅಡುಗೆಮನೆಯೂ ಹೌದು, ಕಸ ತೆಗೆಯುವ ಜಾಗವೂ ಹೌದು. ಅಲ್ಲಿ ಕೆಡುಕಾದರೆ ಇಡೀ ಕೀಲಿಗೆ ಅದರ ಬಿಸಿ ತಟ್ಟುತ್ತದೆ.

ಕೆಡುಕು ಶುರುವಾಗುವ ಬಗೆ ಹೀಗೆ. ವಯಸ್ಸು, ತೂಕ, ಹಳೆಯ ಪೆಟ್ಟು, ಕಾಲಿನ ಬಾಗು, ವಂಶಗುಣ ಮುಂತಾದ ಕಾರಣಗಳಿಂದ ಮೃದ್ವಸ್ಥಿ ದುರ್ಬಲಗೊಂಡಾಗ ಅದರ ಸೂಕ್ಷ್ಮ ಚೂರುಗಳೂ ಮುರಿದ ಪ್ರೋಟೀನ್ ತುಣುಕುಗಳೂ ಕೀಲುದ್ರವಕ್ಕೆ ಸೇರುತ್ತವೆ. ಒಳಪೊರೆಯ ಜೀವಕೋಶಗಳ ಮೇಲೆ ರೋಗಾಣುಗಳನ್ನು ಗುರುತಿಸುವ ಗ್ರಾಹಕಗಳಿವೆ. ಅವು ಈ ತುಣುಕುಗಳನ್ನೂ ಅಪಾಯದ ಸುಳಿವೆಂದೇ ಓದಿಕೊಳ್ಳುತ್ತವೆ. ಆಗ ಪೊರೆ ದಪ್ಪವಾಗುತ್ತದೆ, ಹೊಸ ರಕ್ತನಾಳಗಳು ಚಿಗುರುತ್ತವೆ, ರಕ್ತದಿಂದ ಬಿಳಿಕಣಗಳು ಬಂದು ಸೇರುತ್ತವೆ, ನಾಳಗಳಿಂದ ದ್ರವ ಒಸರುತ್ತದೆ. ಜೊತೆಗೆ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್ಎಫ್ ಎಂಬ ಸಂದೇಶವಾಹಕಗಳು ಹೊರಬೀಳುತ್ತವೆ. ಇವುಗಳ ಪ್ರಚೋದನೆಯಿಂದ ಮೃದ್ವಸ್ಥಿಯ ಜೀವಕೋಶಗಳೇ ತಮ್ಮ ಸುತ್ತಲಿನ ಕಟ್ಟಡವನ್ನು ಕರಗಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಕರಗಿದಷ್ಟೂ ಹೊಸ ತುಣುಕುಗಳು, ತುಣುಕುಗಳು ಹೆಚ್ಚಿದಷ್ಟೂ ಪೊರೆಯ ಕೆರಳಿಕೆ. ಹೀಗೆ ಸವೆತ ಉರಿಯೂತವನ್ನು ಹುಟ್ಟಿಸುತ್ತದೆ, ಉರಿಯೂತ ಸವೆತವನ್ನು ಬೆಳೆಸುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಸುತ್ತಿನಲ್ಲಿದೆ.

ನೋವಿನ ಲೆಕ್ಕವೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಮೃದ್ವಸ್ಥಿಯಲ್ಲಿ ನರಗಳಿಲ್ಲ, ಅದು ಎಷ್ಟು ಸವೆದರೂ ತಾನಾಗಿ ನೋಯಲಾರದು. ನೋವು ಬರುವುದು ನರಗಳಿರುವ ಒಳಪೊರೆಯಿಂದ, ಮೃದ್ವಸ್ಥಿಯ ಕೆಳಗಿನ ಮೂಳೆಯಿಂದ, ಮಂಡಿಚಿಪ್ಪಿನ ಕೆಳಗಿರುವ ಕೊಬ್ಬಿನ ಮೆತ್ತೆಯಿಂದ ಮತ್ತು ಸುತ್ತಲಿನ ಸ್ನಾಯು, ಕಟ್ಟುಗಳಿಂದ. ಎಕ್ಸ್‌ರೇಯಲ್ಲಿ ತೀರ ಹಾಳಾಗಿ ಕಾಣುವ ಮಂಡಿಯವರು ಆರಾಮವಾಗಿ ಓಡಾಡುವುದೂ, ಅಲ್ಪ ಬದಲಾವಣೆಯಿರುವವರು ನರಳುವುದೂ ಇದೇ ಕಾರಣಕ್ಕೆ. ನಿಮ್ಮ ತಾಯಿಯವರ ‘ಎರಡನೇ ಹಂತ’ ಎಂಬುದು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ರೂಪಿಸಿದ, ಸೊನ್ನೆಯಿಂದ ನಾಲ್ಕರವರೆಗಿನ ಅಳತೆಗೋಲಿನಿಂದ ಬಂದದ್ದು. ಅದು ಮೂಳೆಯ ಅಂಚಿನ ಮುಳ್ಳುಗಳನ್ನೂ ಮೂಳೆಗಳ ನಡುವಿನ ಅಂತರವನ್ನೂ ನೋಡುತ್ತದೆಯೇ ಹೊರತು ಪೊರೆಯನ್ನು ನೋಡುವುದಿಲ್ಲ.

ವೈದ್ಯಲೋಕವೂ ಬಹುಕಾಲ ಈ ಪೊರೆಯನ್ನು ಅಲಕ್ಷಿಸಿತ್ತು. ಇಂಗ್ಲಿಷಿನ ಹೆಸರಿನ ಕೊನೆಯಲ್ಲಿ ಉರಿಯೂತವನ್ನು ಸೂಚಿಸುವ ‘ಐಟಿಸ್’ ಇದ್ದರೂ, ಇದು ಉರಿಯೂತದ ಕಾಯಿಲೆಯಲ್ಲವೆಂದು ಅನೇಕರು ‘ಆಸ್ಟಿಯೋಆರ್ಥ್ರೋಸಿಸ್’ ಎಂದೇ ಬರೆಯುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಹೆಸರು ‘ಆರ್ಥ್ರೋಸೆ’. ನಮ್ಮ ‘ಉರಿಯೂತ’ ಎಂಬ ಪದದಲ್ಲಿ ಉರಿಯೂ ಊತವೂ ಜೊತೆಯಾಗಿರುವುದರಿಂದ ಕೆಂಪೇರಿದ, ಮುಟ್ಟಿದರೆ ಸುಡುವ ಕೀಲು ಕಣ್ಣಮುಂದೆ ಬರುತ್ತದೆ. ಅಸ್ಥಿಸಂಧಿವಾತದಲ್ಲಿ ಊತವಿರುತ್ತದೆ, ತುಸು ಬೆಚ್ಚಗಿರುವುದೂ ಉಂಟು, ಆದರೆ ಅಂಥ ಉರಿ ಕಾಣುವುದಿಲ್ಲ. ಹಾಗಾಗಿ ಇದನ್ನು ಉರಿಯೂತವೆಂದು ಗುರುತಿಸಲು ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಬರಬೇಕಾಯಿತು. ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ‘ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್’ ಎಂಬ ಅಧ್ಯಯನ 4,796 ಜನರ ಮೊಣಕಾಲುಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿತು. ಇಂಥ ಅಧ್ಯಯನಗಳಿಂದ ತಿಳಿದದ್ದೇನೆಂದರೆ, ಎಕ್ಸ್‌ರೇಯಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಮೊದಲೇ ಕೆಲವರ ಪೊರೆ ಊದಿರುತ್ತದೆ, ಮತ್ತು ಪೊರೆಯ ಊತ ಏರಿಳಿದಂತೆ ನೋವೂ ಏರಿಳಿಯುತ್ತದೆ. ನಿಮ್ಮ ತಾಯಿಯವರ ನೋವು ಬಂದುಹೋಗುವುದನ್ನು ನೀವು ಗಮನಿಸಿದ್ದೀರಿ. ಬರಿಯ ಸವೆತವಾಗಿದ್ದರೆ ಅದು ಹೀಗೆ ಇಳಿಯುತ್ತಿರಲಿಲ್ಲ. ಇಳಿಯುವ ಭಾಗವಿದೆ ಎಂಬುದೇ ಈ ಪ್ರಕರಣದಲ್ಲಿ ನನಗೆ ಭರವಸೆ ಕೊಡುವ ಅಂಶ.

ನೀರು ತುಂಬುವುದರಿಂದ ಆಗುವ ಇನ್ನೊಂದು ಹಾನಿಯ ಬಗ್ಗೆ ಹೇಳಲೇಬೇಕು, ಏಕೆಂದರೆ ರೋಗಿಗಳಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ಕೀಲಿನಲ್ಲಿ 20–30 ಮಿ.ಲೀ. ದ್ರವ ಸೇರಿದರೆ ಸಾಕು, ಪೊರೆ ಹಿಗ್ಗಿದ ಸುದ್ದಿ ಬೆನ್ನುಹುರಿಗೆ ಮುಟ್ಟಿ, ತೊಡೆಯ ಮುಂಭಾಗದ ಸ್ನಾಯುವಿಗೆ, ಅದರಲ್ಲೂ ಮಂಡಿಚಿಪ್ಪಿನ ಒಳಬದಿಯ ಭಾಗಕ್ಕೆ, ಹೋಗಬೇಕಾದ ಆಜ್ಞೆ ಕುಗ್ಗುತ್ತದೆ. ಸ್ನಾಯುವಿಗೆ ರೋಗವಿಲ್ಲ, ನೋವೂ ಇರಬೇಕೆಂದಿಲ್ಲ. ಆದರೂ ಅದು ಪೂರ್ತಿ ಬಿಗಿಯಲಾರದು. ಮೆಟ್ಟಿಲು ಇಳಿಯುವಾಗ ‘ಮಂಡಿ ಕೈಕೊಟ್ಟಂತಾಯಿತು’ ಎನ್ನುವುದಕ್ಕೆ ಇದೊಂದು ಕಾರಣ. ಊತ ಇಳಿದ ಮೇಲೂ ಆ ಸ್ನಾಯು ತಾನಾಗಿ ಮೊದಲಿನ ಬಲಕ್ಕೆ ಬರುವುದಿಲ್ಲ, ಅದನ್ನು ಕರೆತರಬೇಕಾಗುತ್ತದೆ. ವ್ಯಾಯಾಮವೆಂದೊಡನೆ ‘ಸವೆದದ್ದನ್ನು ಇನ್ನೂ ಸವೆಸುವುದೇ?’ ಎಂದು ಹೆದರುವವರು ಈ ಮಾತನ್ನು ನೆನಪಿಡಬೇಕೆಂದು ನನ್ನ ಕೋರಿಕೆ.

ಇದು ರುಮಟಾಯ್ಡ್‌ಗೆ ತಿರುಗುತ್ತಿದೆಯೇ ಎಂಬ ಆತಂಕಕ್ಕೆ: ಅಸ್ಥಿಸಂಧಿವಾತವು ರುಮಟಾಯ್ಡ್ ಸಂಧಿವಾತವಾಗಿ ಮಾರ್ಪಡುವುದಿಲ್ಲ. ಒಬ್ಬರಲ್ಲೇ ಎರಡೂ ಇರಬಹುದು, ಅದು ಬೇರೆ ಮಾತು. ರುಮಟಾಯ್ಡ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಪೊರೆಯ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳ ಸಣ್ಣ ಕೀಲುಗಳು ಊದುತ್ತವೆ, ಬೆಳಗಿನ ಬಿಗಿತ ಒಂದು ಗಂಟೆಯಾದರೂ ಬಿಡುವುದಿಲ್ಲ. ಅಸ್ಥಿಸಂಧಿವಾತದ ಬಿಗಿತ ಅರ್ಧ ಗಂಟೆಯೊಳಗೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಇಎಸ್‌ಆರ್, ಸಿಆರ್‌ಪಿ ಎಂಬ, ರಕ್ತದಲ್ಲಿ ಉರಿಯೂತದ ಮಟ್ಟವನ್ನು ಅಳೆಯುವ ಪರೀಕ್ಷೆಗಳು ಅಸ್ಥಿಸಂಧಿವಾತದಲ್ಲಿ ಬಹುತೇಕ ಸಹಜವಾಗಿಯೇ ಇರುತ್ತವೆ. ಆದರೆ ಎಲ್ಲಕ್ಕಿಂತ ಸ್ಪಷ್ಟವಾಗಿ ಮಾತನಾಡುವುದು ತೆಗೆದ ದ್ರವವೇ. ಅದನ್ನು ಚೆಲ್ಲದೆ ಪರೀಕ್ಷೆಗೆ ಕಳಿಸಿದ್ದರೆ ವರದಿ ಕೇಳಿ ಪಡೆಯಿರಿ. ಒಣಹುಲ್ಲಿನಂಥ ತಿಳಿಹಳದಿ ಬಣ್ಣ, ತೊಟ್ಟಿಕ್ಕಿಸಿದಾಗ ಉದ್ದನೆಯ ಎಳೆಯಾಗಿ ಇಳಿಯುವ ಜಿಗುಟು, ಒಂದು ಘನ ಮಿ.ಮೀ.ಗೆ 2,000ಕ್ಕಿಂತ ಕಡಿಮೆ ಬಿಳಿಕಣಗಳಿದ್ದರೆ ಅಸ್ಥಿಸಂಧಿವಾತವೆಂದು ನಿಶ್ಚಿಂತರಾಗಬಹುದು. ಅದಕ್ಕಿಂತ ಹೆಚ್ಚಿದ್ದರೆ ರುಮಟಾಯ್ಡ್, ಗೌಟ್ (ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲೂತ) ಅಥವಾ ಸೋಂಕನ್ನು ಹುಡುಕಬೇಕು. ಈ ವಯಸ್ಸಿನಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಲವಣದ ಹರಳುಗಳು ಸವೆದ ಮಂಡಿಯಲ್ಲೇ ಸೇರಿಕೊಂಡು ಇದ್ದಕ್ಕಿದ್ದಂತೆ ಊತ ತರುವುದುಂಟು. ವರ್ಷಕ್ಕೆ ಮೂರು ನಾಲ್ಕು ಸಲ ಊದುವ ಮಂಡಿಯಲ್ಲಿ ಆ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಮ್ಮೆಯಾದರೂ ನೋಡಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಇಂಜೆಕ್ಷನ್. ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಪೊರೆಯ ಕೆರಳಿಕೆಯನ್ನು ನೇರವಾಗಿ ತಗ್ಗಿಸುತ್ತದೆ, ಹಾಗಾಗಿ ಊದಿದ, ನೋಯುವ ಮಂಡಿಗೆ ಒಂದು ಇಂಜೆಕ್ಷನ್‌ನಿಂದ ಕೆಲವು ವಾರಗಳ ಮಟ್ಟಿಗೆ ಒಳ್ಳೆಯ ಆರಾಮ ಸಿಗುವುದು ನಿಜ. ಅದನ್ನು ಪದೇ ಪದೇ ಕೊಡಿಸುವುದು ಬೇರೆ ವಿಚಾರ. 2017ರಲ್ಲಿ ಅಮೆರಿಕದ ವೈದ್ಯಪತ್ರಿಕೆ ‘ಜಾಮಾ’ದಲ್ಲಿ ಪ್ರಕಟವಾದ ಪ್ರಯೋಗವೊಂದು ನಿಮ್ಮ ತಾಯಿಯವರಂಥವರ ಬಗ್ಗೆಯೇ ಆಗಿತ್ತು: ಅಲ್ಟ್ರಾಸೌಂಡಿನಲ್ಲಿ ಪೊರೆಯ ಉರಿಯೂತ ಕಂಡ 140 ಜನರಲ್ಲಿ ಅರ್ಧದಷ್ಟು ಮಂದಿಗೆ 12 ವಾರಗಳಿಗೊಮ್ಮೆ 40 ಮಿ.ಗ್ರಾಂ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಬರಿಯ ಉಪ್ಪುನೀರು, ಎರಡು ವರ್ಷಗಳ ಕಾಲ. ಕೊನೆಯಲ್ಲಿ ಎರಡು ಗುಂಪುಗಳ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೃದ್ವಸ್ಥಿಯ ದಪ್ಪ ಮಾತ್ರ ಸ್ಟೀರಾಯ್ಡ್ ಪಡೆದವರಲ್ಲಿ 0.21 ಮಿ.ಮೀ., ಪಡೆಯದವರಲ್ಲಿ 0.10 ಮಿ.ಮೀ. ಕುಗ್ಗಿತ್ತು. ನೋವನ್ನು ಮೂರು ತಿಂಗಳಿಗೊಮ್ಮೆ ಅಳೆದದ್ದರಿಂದ ಮೊದಲ ಕೆಲವು ವಾರಗಳ ಆರಾಮ ಆ ಲೆಕ್ಕಕ್ಕೆ ಸಿಕ್ಕಿರಲಾರದು ಎಂಬುದನ್ನು ನ್ಯಾಯವಾಗಿ ಸೇರಿಸಬೇಕು. 2020ರಲ್ಲಿ ಇನ್ನೊಂದು ಪ್ರಯೋಗ 156 ಜನರಲ್ಲಿ ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯನ್ನು ಹೋಲಿಸಿತು. ಒಂದು ವರ್ಷದ ಕೊನೆಗೆ, 240 ಅಂಕಗಳ ತೊಂದರೆಯ ಅಳತೆಯಲ್ಲಿ ಇಂಜೆಕ್ಷನ್ ಗುಂಪು 55.8ರಲ್ಲೂ ಫಿಸಿಯೋಥೆರಪಿ ಗುಂಪು 37.0ರಲ್ಲೂ ನಿಂತವು, ಕಡಿಮೆ ಅಂಕವೆಂದರೆ ಕಡಿಮೆ ತೊಂದರೆ.

ಆದ್ದರಿಂದ ನನ್ನ ಸಲಹೆ ಇಷ್ಟು: ದ್ರವದಲ್ಲಿ ಸೋಂಕಿಲ್ಲವೆಂದು ಖಚಿತವಾದ ಮೇಲೆ, ಈ ಸಲದ ಊತ ಅವರನ್ನು ನಡೆಯಗೊಡದಷ್ಟು ಇದ್ದರೆ ಒಂದು ಇಂಜೆಕ್ಷನ್ ಕೊಡಿಸಲು ಹಿಂಜರಿಯಬೇಡಿ, ಮತ್ತು ಅದರಿಂದ ಸಿಗುವ ಬಿಡುವನ್ನು ತೊಡೆಯ ಸ್ನಾಯುವನ್ನು ಬಲಪಡಿಸಲು ಬಳಸಿಕೊಳ್ಳಿ. ವ್ಯಾಯಾಮವಿಲ್ಲದೆ ಮೂರು ತಿಂಗಳಿಗೊಮ್ಮೆ ಸೂಜಿ ಹಾಕಿಸುತ್ತ ಹೋಗುವ ದಾರಿ ಬೇಡ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇಂಜೆಕ್ಷನ್ ಆದ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡು ದಿನಕ್ಕೆ ಎರಡು ಮೂರು ಸಲ ನೋಡಿ. ಮುಂದೆಂದಾದರೂ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ ಇಂಜೆಕ್ಷನ್ ಆಗಿರಬಾರದು, ಸೋಂಕಿನ ಅಪಾಯ ಹೆಚ್ಚುತ್ತದೆ.

ಮಾತ್ರೆಗಳ ಮಾತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಟೊರಿಕಾಕ್ಸಿಬ್ ಮುಂತಾದವು ಪೊರೆಯ ಉರಿಯೂತವನ್ನು ತಗ್ಗಿಸುತ್ತವೆ, ಆದರೆ ರಕ್ತದೊತ್ತಡವನ್ನು ಏರಿಸುತ್ತವೆ, ಮೂತ್ರಪಿಂಡಕ್ಕೂ ಹೊಟ್ಟೆಗೂ ಹಾನಿ ಮಾಡಬಲ್ಲವು. ನಿಮ್ಮ ತಾಯಿಯವರು ಇವನ್ನು ಮೆಡಿಕಲ್ ಶಾಪಿನಿಂದ ತಾವಾಗಿ ತಂದು ನುಂಗುವಂತಿಲ್ಲ. ಅದರ ಬದಲು ಡೈಕ್ಲೋಫೆನಾಕ್ ಜೆಲ್ ಅನ್ನು ದಿನಕ್ಕೆ ಮೂರು ನಾಲ್ಕು ಸಲ ಕ್ರಮವಾಗಿ ಹಚ್ಚುವುದು ಮೊಣಕಾಲಿಗೆ ಒಳ್ಳೆಯ ಉಪಾಯ. ರಕ್ತಕ್ಕೆ ಸೇರುವ ಔಷಧ ಅತ್ಯಲ್ಪ. ನೋವು ಬಂದಾಗ ಒಮ್ಮೆ ಸವರಿ ಬಿಟ್ಟರೆ ಫಲ ಕಾಣದು, ಎರಡು ವಾರವಾದರೂ ಬಿಡದೆ ಹಚ್ಚಬೇಕು. ರುಮಟಾಯ್ಡ್‌ಗೆ ಬಳಸುವ ಔಷಧಗಳನ್ನು ಇಲ್ಲಿಯೂ ಪ್ರಯೋಗಿಸಿ ನೋಡಿದ್ದಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೈಗಳ ಅಸ್ಥಿಸಂಧಿವಾತದಲ್ಲಿ ಫಲ ಕೊಡಲಿಲ್ಲ. ಮೆಥೊಟ್ರೆಕ್ಸೇಟ್ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ: ಊದಿದ ಪೊರೆಯಿದ್ದ ಕೈಕೀಲುಗಳಲ್ಲಿ ಸ್ವಲ್ಪ ಉಪಯೋಗ ಕಂಡಿತು, ಮೊಣಕಾಲಿನಲ್ಲಿ ಒಂದು ಪ್ರಯೋಗ ಅಲ್ಪ ಲಾಭವನ್ನೂ ಇನ್ನೊಂದು ಶೂನ್ಯವನ್ನೂ ತೋರಿಸಿತು. ನರಗಳನ್ನು ಕೆರಳಿಸುವ ನರ್ವ್ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ತಡೆಯುವ ಟ್ಯಾನೆಜುಮ್ಯಾಬ್ ನೋವನ್ನು ತಗ್ಗಿಸಿದರೂ ಕೆಲವರಲ್ಲಿ ಕೀಲು ವೇಗವಾಗಿ ನಾಶವಾದದ್ದರಿಂದ 2021ರಲ್ಲಿ ಅದರ ಅಭಿವೃದ್ಧಿಯನ್ನೇ ಕೈಬಿಡಲಾಯಿತು. ಊರೂರಿನ ಕ್ಲಿನಿಕ್‌ಗಳಲ್ಲಿ ರೋಗಿಯದೇ ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ಸಾಂದ್ರಗೊಳಿಸಿ ದುಬಾರಿ ಬೆಲೆಗೆ ಕೊಡುತ್ತಿರುವ ಪಿಆರ್‌ಪಿ ಇಂಜೆಕ್ಷನ್ 2021ರಲ್ಲಿ 288 ಜನರ ಮೇಲೆ ನಡೆದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ. ಸಾಲ ಮಾಡಿ ಅದನ್ನು ಹಾಕಿಸಿಕೊಂಡವರನ್ನು ಕಂಡು ಬೇಸರಪಟ್ಟಿದ್ದೇನೆ. ನಿಮ್ಮ ಹಣವನ್ನು ಫಿಸಿಯೋಥೆರಪಿಗೆ ಇಟ್ಟುಕೊಳ್ಳಿ.

ಅರಿಶಿನವನ್ನು ನಾನು ತಳ್ಳಿಹಾಕುವುದಿಲ್ಲ. 2020ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಮಂಡಿಯಲ್ಲಿ ನೀರು ತುಂಬಿದ್ದ 70 ಜನರಿಗೆ 12 ವಾರ ಅರಿಶಿನದ ಸಾರದ ಕ್ಯಾಪ್ಸೂಲ್ ಕೊಟ್ಟು ನೋಡಿದರು. ಹುಸಿಮಾತ್ರೆ ಪಡೆದವರಿಗಿಂತ ನೋವು ಕಡಿಮೆಯಾಯಿತು. ಆದರೆ ಎಂಆರ್‌ಐಯಲ್ಲಿ ಅಳೆದಾಗ ಮಂಡಿಯ ನೀರೂ ಪೊರೆಯ ಊತವೂ ಇಳಿದಿರಲಿಲ್ಲ. ಹಾಗಾಗಿ ಅದು ನೋವಿಗೆ ತುಸು ನೆರವು, ಉರಿಯೂತಕ್ಕೆ ಮದ್ದೆನ್ನಲಾಗದು. ಆ ಪ್ರಯೋಗದಲ್ಲಿ ಬಳಸಿದ್ದು ಸಾಂದ್ರಗೊಳಿಸಿದ ಸಾರ. ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡ 2ರಿಂದ 5ರಷ್ಟು ಮಾತ್ರ, ಆದ್ದರಿಂದ ಹಾಲಿಗೆ ಹಾಕಿದ ಅರ್ಧ ಚಮಚವನ್ನು ಅದಕ್ಕೆ ಹೋಲಿಸುವಂತಿಲ್ಲ. ಸಾಂದ್ರ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ, ರಕ್ತ ತೆಳುಮಾಡುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ದೇಹದ ತೂಕದ ವಿಚಾರವನ್ನು ನೀವು ಬರೆದಿಲ್ಲ. ಅದು ಹೆಚ್ಚಿದ್ದರೆ ಮಾತ್ರ ಈ ಮಾತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಭಾರವೊಂದೇ ಕಾರಣವಾಗಿದ್ದರೆ ದಪ್ಪಗಿರುವವರ ಕೈಬೆರಳುಗಳಲ್ಲೂ ಈ ಕಾಯಿಲೆ ಹೆಚ್ಚಾಗಿ ಬರುವುದಕ್ಕೆ ಅರ್ಥವಿರುತ್ತಿರಲಿಲ್ಲ, ಕೈಗಳ ಮೇಲೆ ಯಾರೂ ನಡೆಯುವುದಿಲ್ಲವಲ್ಲ. ಕೊಬ್ಬಿನ ಅಂಗಾಂಶ ತಾನೇ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. 2013ರ ಅಮೆರಿಕದ ಪ್ರಯೋಗವೊಂದರಲ್ಲಿ 454 ಜನ 18 ತಿಂಗಳು ಪಥ್ಯ, ವ್ಯಾಯಾಮ ಅಥವಾ ಎರಡನ್ನೂ ಪಾಲಿಸಿದರು. ಎರಡನ್ನೂ ಪಾಲಿಸಿದವರ ತೂಕ ಸರಾಸರಿ 10.6 ಕಿಲೋ ಇಳಿದು, ನೋವು ಬರಿಯ ವ್ಯಾಯಾಮ ಮಾಡಿದವರಿಗಿಂತ ಕಡಿಮೆಯಾಯಿತು, ರಕ್ತದ ಇಂಟರ್‌ಲ್ಯೂಕಿನ್-6 ಕೂಡ ತಗ್ಗಿತು.

ಈಗ ಮನೆಯಲ್ಲಿ ಮಾಡಬೇಕಾದದ್ದು. ಊತವಿರುವ ದಿನಗಳಲ್ಲಿ ಹಾಸಿಗೆ ಹಿಡಿಸಬೇಡಿ, ಓಡಾಟವನ್ನು ಮಾತ್ರ ಕಡಿಮೆ ಮಾಡಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಬಹುದು. ಕಾಲು ಚಾಚಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತುತ್ತ ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡುವ ವ್ಯಾಯಾಮ ಊತವಿದ್ದಾಗಲೂ ಮಾಡಬಹುದಾದದ್ದು. ಹಗಲು ಕಳೆಯುವುದರೊಳಗೆ ಹತ್ತರಂತೆ ನಾಲ್ಕು ಸುತ್ತು ಆಗಲಿ. ಊತ ಇಳಿದ ಮೇಲೆ ಕುರ್ಚಿಯಿಂದ ಕೈಯೂರದೆ ಏಳುವುದು, ಕುಳಿತು ಕಾಲು ನೇರ ಚಾಚಿ ಹಿಡಿಯುವುದು, ದಿನವೂ ನಡಿಗೆ. ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತರೆ ಮುಂದೆ ತಾವೇ ಮಾಡಿಕೊಳ್ಳಬಲ್ಲರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಒಗೆಯುವುದು, ಇಂಡಿಯನ್ ಶೌಚಾಲಯ ಬಳಸುವುದು ಊತದ ದಿನಗಳಲ್ಲಿ ಬೇಡ. ಮಂಡಿ ಪೂರ್ತಿ ಮಡಚಿದಾಗ ಒಳಗಿನ ದ್ರವದ ಒತ್ತಡ ಏರುತ್ತದೆ. ಪೂಜೆಗೆ ಕೂರುವ ತಾಯಂದಿರು ಕುರ್ಚಿಯನ್ನು ಒಪ್ಪಲಾರರು ಎಂಬುದು ಗೊತ್ತು, ಎತ್ತರದ ಮಣೆಯೊಂದನ್ನು ಮಾಡಿಸಿಕೊಡಿ.

ಕೆಲವು ಸೂಚನೆಗಳು ಕಂಡರೆ ಕಾಯಬಾರದು. ಮಂಡಿ ಒಂದೆರಡು ದಿನಗಳಲ್ಲಿ ಕೆಂಪಾಗಿ, ಬಿಸಿಯಾಗಿ, ಕಾಲೂರಲಾಗದಂತಾದರೆ, ಜ್ವರ ಬಂದರೆ, ಅದರಲ್ಲೂ ಸೂಜಿ ಚುಚ್ಚಿದ ನಂತರದ ದಿನಗಳಲ್ಲಿ ಹೀಗಾದರೆ, ಅದನ್ನು ಸೋಂಕೆಂದೇ ತಿಳಿದು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆಯವರಲ್ಲಿ ಅದು ಬೇಗ ಬಿಗಡಾಯಿಸುತ್ತದೆ. ಮಂಡಿಯ ಹಿಂಭಾಗದಲ್ಲಿ ದ್ರವ ಸೇರಿ ಗಡ್ಡೆಯಂತಾಗಿ, ಅದು ಒಡೆದು ಮೀನಖಂಡ ಏಕಾಏಕಿ ಊದುವುದುಂಟು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗಲೂ ಹೀಗೆಯೇ ಕಾಣುವುದರಿಂದ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಪರೀಕ್ಷೆ ಮಾಡಿಸದೆ ಊಹೆಯಿಂದ ನಿರ್ಧರಿಸಬಾರದು. ಮತ್ತೊಂದು ಮಾತು: ಹೆಸರೂ ಪಟ್ಟಿಯೂ ಇಲ್ಲದ ‘ಮಂಡಿನೋವಿನ ಪುಡಿ’ಯನ್ನು ಯಾರಾದರೂ ತಂದುಕೊಟ್ಟು, ಅದನ್ನು ಸೇವಿಸಿದ ಎರಡೇ ದಿನಗಳಲ್ಲಿ ಊತ ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ. ಅಂಥ ಪುಡಿಗಳಲ್ಲಿ ಹೇಳದೆ ಬೆರೆಸಿದ ಸ್ಟೀರಾಯ್ಡ್ ಪತ್ತೆಯಾಗಿರುವುದುಂಟು, ನಿಮ್ಮ ತಾಯಿಯವರ ಸಕ್ಕರೆಗೂ ರಕ್ತದೊತ್ತಡಕ್ಕೂ ಅದು ದೊಡ್ಡ ಅಪಾಯ. ಈಗಾಗಲೇ ಅದನ್ನು ತಿಂಗಳುಗಟ್ಟಲೆ ಸೇವಿಸಿದ್ದರೆ ಒಮ್ಮೆಲೇ ನಿಲ್ಲಿಸದೆ, ಪುಡಿಯನ್ನೂ ದ್ರವದ ವರದಿಯನ್ನೂ ಜೊತೆಗಿಟ್ಟುಕೊಂಡು ಎರಡನೆಯ ವೈದ್ಯರ ಬಳಿಗೆ ಹೋಗಿ.